ಕುರ್ಚಿಯ ಹಿಂದೆ ನಿಂತ ಭಾವ

ಶನಿವಾರ ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಗಂಡಸೊಬ್ಬರು ಅಡುಗೆಮನೆಯ ಬಾಗಿಲಿಗೆ ಬಂದು, ಕೈ ಎರಡನ್ನೂ ಬೆನ್ನಿಗೆ ಕಟ್ಟಿಕೊಂಡು ನಿಂತು, "ನಾಳೆಗೇನೂ ನೆನೆಹಾಕಬೇಡ" ಎಂದು ಅಪ್ಪಣೆ ಕೊಡಿಸುತ್ತಾರೆಯೇ? ಹಾಗಾದರೆ ಮುಂದಿನದನ್ನು ನೀವು ಓದದಿದ್ದರೂ ನಷ್ಟವಿಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಂಥವರನ್ನು ಮನೆಗೊಬ್ಬರಂತೆ ಹಂಚಿದ್ದಾರೆ; ಮಲ್ಲೇಶ್ವರದಲ್ಲಿ ಕೆಲವು ಮನೆಗಳಿಗೆ ಇಬ್ಬಿಬ್ಬರು ಸಿಕ್ಕಿದ್ದೂ ಉಂಟು. ಕೆಲವರಿಗೆ ಅವರು ಅಪ್ಪ, ಕೆಲವರಿಗೆ ಸೋದರಮಾವ, ಇನ್ನು ಕೆಲವರಿಗೆ ರಿಟೈರಾದ ಮೇಲೆ ಹುರುಪು ಹೆಚ್ಚಾದ ಮಾವನವರು. ನನ್ನ ಪಾಲಿಗೆ ಬಂದವರು ಅಕ್ಕನ ಗಂಡ.

ಭಾವ ಬ್ಯಾಂಕಿನಲ್ಲಿ ಅಧಿಕಾರಿ. ವಾರದ ಆರು ದಿನ ಅವರಷ್ಟು ಸಾಧು ಮನುಷ್ಯ ಬನಶಂಕರಿ ಎರಡನೇ ಹಂತದಲ್ಲೇ ಇಲ್ಲ. ಟಿವಿ ರಿಮೋಟು ಮಗನ ಕೈಲಿ, ಕಾರಿನ ಕೀಲಿ ಮಗಳ ಕೈಲಿ, ಮನೆಯ ಲೆಕ್ಕ ಅಕ್ಕನ ಕೈಲಿ, ದೇವರ ಮನೆ ಅವರ ತಾಯಿಯ ಕೈಲಿ. ಭಾವನ ಕೈಲಿ ಉಳಿದಿರುವುದು ಪೇಪರ್‌ನ ಕ್ರೀಡಾಪುಟ ಮಾತ್ರ. ಅದೂ ಮಗ ಎದ್ದೇಳುವವರೆಗೆ. ಪಲ್ಯಕ್ಕೆ ಉಪ್ಪು ಸಾಲದು ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ, ಸುಮ್ಮನೆ ಉಪ್ಪಿನಕಾಯಿ ಬಡಿಸಿಕೊಂಡು ಕಲಸಿ ತಿನ್ನುವ ಪೈಕಿ ಅವರು. ಆಫೀಸಿನಲ್ಲಿ ಏನು ನಡೆಯುತ್ತದೋ ನಾನು ಕಂಡವನಲ್ಲ. ಆದರೆ ಮೇಲಿನವರ ಫೋನು ಬಂದಾಗ ಅವರು ಕುರ್ಚಿಯಿಂದ ಎದ್ದು ನಿಂತೇ ಮಾತಾಡುವುದನ್ನು ಕಂಡಿದ್ದೇನೆ.

ಅಂಥ ಭಾವ ಶನಿವಾರ ರಾತ್ರಿ ಒಂಬತ್ತಾಗುತ್ತಲೇ ಬೇರೆ ಮನುಷ್ಯನಾಗುತ್ತಾರೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಆಜ್ಞೆ ಬೀಳುತ್ತದೆ: "ನಾಳೆ ಬೆಳಿಗ್ಗೆ 6-15ಕ್ಕೆ ಎಲ್ಲರೂ ಗೇಟಿನ ಹತ್ತಿರ. 6-16ಕ್ಕೆ ಬಂದವರಿಗೆ ಮನೆಯಲ್ಲಿ ಉಪ್ಪಿಟ್ಟು." ಮಗ ಇದಕ್ಕೆ ಹೆಬ್ಬೆರಳು ಒತ್ತುವುದು ರಾತ್ರಿ ಒಂದೂವರೆಗೆ. ಅಂದರೆ ಅವನು ಮಲಗಿದ್ದೇ ಆಗ. ಹೆಬ್ಬೆರಳು ನೋಡಿದ ಭಾವ "ನೋಡು, ಎಷ್ಟು ಉತ್ಸಾಹ ಹುಡುಗನಿಗೆ" ಎಂದು ಅಕ್ಕನಿಗೆ ತೋರಿಸುತ್ತಾರೆ. ನನ್ನ ಹೆಂಡತಿ ಭಾನುವಾರ ಎಂಟರವರೆಗೆ ಮಲಗುವ ಪಕ್ಷದವಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಬಂದು, ಆಮೇಲೆ ಭಾನುವಾರದ ಮಟ್ಟಿಗೆ ತನ್ನ ಸ್ವಾತಂತ್ರ್ಯ ಘೋಷಿಸಿಕೊಂಡಳು. ನನಗೆ ಆ ವಿನಾಯಿತಿ ಇಲ್ಲ. ಭಾವಮೈದ ಎಂದರೆ ಬೇರೇನು, ಸೀಟು ಹಿಡಿಯಲು ಇರುವ ಇನ್ನೊಂದು ಆಳು.

ಎಲ್ಲಿಗೆ ಹೋಗುವುದು ಎನ್ನುವುದು ಭಾವನ ಮನೆಯಲ್ಲಿ ಚರ್ಚೆಯ ವಿಷಯವಲ್ಲ, ಸಿದ್ಧಾಂತದ ವಿಷಯ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ, ಎಂಟಿಆರ್‌ಗೆ ಸೋಮವಾರ ರಜ ಎಂಬುದು ಅವರಿಗೆ ಹಬ್ಬದ ತಿಥಿಗಳಿಗಿಂತ ಚೆನ್ನಾಗಿ ಗೊತ್ತು. ಭಾನುವಾರ ಎರಡೂ ತೆರೆದಿರುತ್ತವೆ. ಆದ್ದರಿಂದಲೇ ಇಡೀ ಊರು ಅಲ್ಲಿರುತ್ತದೆ. ಬುಧವಾರ ಬೆಳಿಗ್ಗೆ ಹೋದರೆ ಆರಾಮಾಗಿ ಕೂತು ತಿನ್ನಬಹುದಲ್ಲ ಭಾವ, ಒಂದು ದಿನ ರಜ ಹಾಕಿ, ಎಂದು ನಾನೊಮ್ಮೆ ಸೂಚಿಸಿದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಕರುಣೆ ಹೆಚ್ಚಿತ್ತು. "ಖಾಲಿ ಹೋಟೆಲಲ್ಲಿ ಏನಪ್ಪಾ ತಿನ್ನೋದು?" ಎಂದರು. ಅವರನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ಸಾಕು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮೇಲೆ ಅವರಿಗೆ ಅಪಾರ ಗೌರವ. 1965ರಿಂದ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಎಂದು ಬೆರಳಲ್ಲಿ ಎಣಿಸಬಹುದಾದಷ್ಟೇ ಮಾಡಿಕೊಂಡು, ಸಾಂಬಾರೇ ಇಲ್ಲದೆ, ಬರೀ ಚಟ್ನಿಯಲ್ಲಿ ಊರನ್ನು ಗೆದ್ದವರು ಎಂದು ಭಾಷಣ ಮಾಡುತ್ತಾರೆ. "ಸಾಂಬಾರ್ ಕೊಡಲ್ಲ ಅನ್ನೋಕೆ ಎದೆಗಾರಿಕೆ ಬೇಕು ಕಣೋ!" ಮನೆಯಲ್ಲಿ ಯಾವುದನ್ನೂ ಇಲ್ಲ ಎನ್ನಲಾಗದ ಮನುಷ್ಯ ಈ ಮಾತನ್ನು ಹೇಳುವಾಗ ಗಂಟಲು ಕಟ್ಟಿ ಬರುತ್ತದೆ. ಆದರೆ ಅಲ್ಲಿ ಬೀದಿಯಲ್ಲಿ ನಿಂತು ತಿನ್ನಬೇಕು, ಅಜ್ಜಿಗೆ ಮಂಡಿನೋವು. ದರ್ಶಿನಿಗಳೂ ಇದೇ ಕಾರಣಕ್ಕೆ ಪಟ್ಟಿಯಿಂದ ಹೊರಗೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದಲೇ ಬೆಂಗಳೂರಿನ ಜನಕ್ಕೆ ಜೀರ್ಣಶಕ್ತಿ ಕುಂದಿತು ಎಂಬುದು ಭಾವನ ಸಂಶೋಧನೆ: ನಿಂತು ತಿಂದದ್ದು ಮೈಗೆ ಹತ್ತುವುದಿಲ್ಲವಂತೆ. ವಾರದ ದಿನಗಳಲ್ಲಿ ಅವರು ಬ್ಯಾಂಕಿನ ಪಕ್ಕದ ದರ್ಶಿನಿಯಲ್ಲೇ ನಿಂತು ಚೌಚೌಬಾತು ತಿನ್ನುತ್ತಾರೆ, ಅದು ಮೈಗೆ ಹತ್ತಿರುವುದು ಅಂಗಿಯ ಗುಂಡಿಗಳಲ್ಲೇ ಗೊತ್ತಾಗುತ್ತದೆ.

ಹೊರಡುವುದು ಆರೂಕಾಲಿಗೆ ಎಂದರೆ ಅಕ್ಕ ಏಳುವುದು ಐದಕ್ಕೆ. ಹೊರಗೆ ಕಾಫಿ ಕುಡಿಯಲು ಹೋಗುವವರಿಗೆಲ್ಲ ಮನೆಯಲ್ಲಿ ಒಂದು ಸುತ್ತು ಕಾಫಿ ಆಗಲೇಬೇಕು. ಅಜ್ಜಿಗೆ ಸ್ನಾನವಾಗಿ, ದೀಪ ಹಚ್ಚಿ, ದೇವರಿಗೆ ಹಾಲು ಸಕ್ಕರೆ ನೈವೇದ್ಯ ಆಗದೆ ಹೊಸಿಲು ದಾಟುವುದಿಲ್ಲ. ಮಗ ಹಲ್ಲುಜ್ಜಿದನೋ ಇಲ್ಲವೋ ಎಂಬುದು ಪ್ರತಿವಾರ ಕಾರಿನಲ್ಲಿ ವಿಚಾರಣೆಗೆ ಬಂದು, ಸಾಕ್ಷ್ಯ ಸಾಲದೆ ಬಿದ್ದುಹೋಗುವ ಮೊಕದ್ದಮೆ. ಮಗಳು ಕಾರು ಓಡಿಸುತ್ತಾಳೆ, ಭಾವ ಪಕ್ಕದಲ್ಲಿ ಕೂತು ಬ್ರೇಕು ಒತ್ತುತ್ತಾರೆ. ಅವರ ಕಡೆ ಬ್ರೇಕಿಲ್ಲ ಎಂಬುದು ಬೇರೆ ಮಾತು.

ಮೊನ್ನೆ ಭಾನುವಾರ ನಾವು ಹೋದ ಹೋಟೆಲಿನ ಹೆಸರು ಬೇಡ. ಹಳೆಯದು, ಹೆಸರಾದದ್ದು, ಕೂತು ತಿನ್ನುವಂಥದ್ದು, ಎಂದರೆ ಸಾಕು. ಆರೂಮುಕ್ಕಾಲಿಗೇ ಬಾಗಿಲಲ್ಲಿ ಜಾತ್ರೆ. ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದು ಕರಗಿಸಿದ್ದನ್ನು ತುಂಬಿಸಿಕೊಳ್ಳಲು ಬಂದ ಟ್ರ್ಯಾಕ್‌ಪ್ಯಾಂಟಿನವರು, ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡ ತಾತಂದಿರು, ದೋಸೆಗಿಂತ ಮುಂಚೆ ತಮ್ಮನ್ನು ತಾವೇ ವಿಡಿಯೋ ಹಿಡಿದುಕೊಳ್ಳುತ್ತಿದ್ದ ಹುಡುಗರು. ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ. ಭಾವ ಅವನ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟು, "ಏನಪ್ಪಾ, ಗೊತ್ತಾಯ್ತಾ?" ಎಂದರು. ಅವನಿಗೆ ಗೊತ್ತಾಗಲಿಲ್ಲ. "ಎಷ್ಟು ಜನ ಸಾರ್?" ಎಂದ. "ಆರು" ಎಂದು ಬರೆಸಿ ನಮ್ಮ ಹತ್ತಿರ ಬಂದು, "ಹೇಳಿದ್ದೀನಿ, ಬೇಗ ಮಾಡ್ತಾನೆ" ಎಂದರು. ನಮಗಿಂತ ಮುಂಚೆ ಆ ಪುಸ್ತಕದಲ್ಲಿ ಒಂದು ಪುಟ ತುಂಬಾ ಹೆಸರುಗಳಿದ್ದವು.

ಈ ಕಾಯುವ ಹೊತ್ತೇ ಭಾವನ ನಿಜವಾದ ಭಾನುವಾರ. ಸಿಕ್ಕಿದವರಿಗೆ ಇತಿಹಾಸ ಹೇಳುತ್ತಾರೆ. ಆ ದಿನ ಸಿಕ್ಕಿದ್ದು ಉತ್ತರದ ಕಡೆಯ ಒಂದು ಎಳೆಯ ಜೋಡಿ, ಊರಿಗೆ ಹೊಸಬರು, ಓಡಿಹೋಗಲು ಜಾಗವಿರಲಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಜೋರಾದಾಗ ಹಿಂದಿಯಲ್ಲಿ ಭಾವ ಎಂಟಿಆರ್‌ನ ಕತೆ ಶುರು ಮಾಡಿದರು. 1924ರಲ್ಲಿ ಮಯ್ಯ ಸಹೋದರರು ಹೋಟೆಲು ತೆರೆದಾಗ ಅದು ಬ್ರಾಹ್ಮಿನ್ ಕಾಫಿ ಕ್ಲಬ್ಬು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬುದು ಆಮೇಲೆ ಬಂದ ಹೆಸರು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬರ್ಮಾ ಹಿಡಿದರು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಇಲ್ಲಿ ಅಕ್ಕಿಗೆ ಬದಲು ರವೆ ಹಾಕಿ ನೋಡಿದರು, ರವೆ ಇಡ್ಲಿ ಹುಟ್ಟಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿಬಂದರು, ಅಲ್ಲಿನ ಶುಚಿತ್ವ ನೋಡಿ ಬಂದು ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಒಳಗೆ ಹೋಗುವಂತೆ ಮಾಡಿದರು. ಎಮರ್ಜೆನ್ಸಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ ಕಟ್ಟುಹಾಕಿತು, ಆ ಬೆಲೆಗೆ ತುಪ್ಪ ಹಾಕಿ ದೋಸೆ ಕೊಟ್ಟರೆ ಗಲ್ಲಾಪೆಟ್ಟಿಗೆ ತಳ ಕಾಣುತ್ತದೆ; ಕೆಲಸದವರ ಹೊಟ್ಟೆಪಾಡಿಗೆ ಪುಡಿಗಳನ್ನೂ ಮಿಕ್ಸ್‌ಗಳನ್ನೂ ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಆ ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾದವರು ಬಂದು ಅದನ್ನು ಕೊಂಡುಕೊಂಡರು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು.

ಇಷ್ಟೂ ನಿಜವೇ. ಭಾವನ ಇತಿಹಾಸದಲ್ಲಿ ಸುಳ್ಳಿರುವುದಿಲ್ಲ, ಭಾವ ಇರುತ್ತಾರೆ, ಅದೇ ತೊಂದರೆ. ಎಮರ್ಜೆನ್ಸಿ ಬಂದಾಗ ಎರಡನೇ ಕ್ಲಾಸಿನಲ್ಲಿದ್ದವರು, "ನಾನಾಗ ಹೇಳಿದೆ, ಬೆಲೆ ಇಳಿಸಿ ಪರವಾಗಿಲ್ಲ, ಬೆಣ್ಣೆ ಮಾತ್ರ ಇಳಿಸಬೇಡಿ ಅಂತ" ಎಂದುಬಿಟ್ಟರು. ಯುದ್ಧದ ಕತೆಯಲ್ಲೂ ಅವರು ಎಲ್ಲೋ ರವೆ ಹುರಿಯುತ್ತಿದ್ದಂತೆ ಕೇಳಿಸಿತು. ಆ ಹುಡುಗಿ ಕಣ್ಣರಳಿಸಿ, "ಅಂಕಲ್, ಹಾಗಾದರೆ ಈ ಹೋಟೆಲ್ ಅದೇನಾ?" ಎಂದಳು. "ಅಲ್ಲಮ್ಮ, ಇದು ಬೇರೆ" ಎಂದರು ಭಾವ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಹೆಸರು ಬರೆಸಿದರೆ ಕರೆಯುವವರೆಗೆ ಕಾಯಬೇಕು ಎಂಬುದು ಸಾಮಾನ್ಯರ ತಿಳಿವಳಿಕೆ. ಪುಸ್ತಕದ ಮೇಲೆ ಭಾವನಿಗೆ ನಂಬಿಕೆಯಿಲ್ಲ. "ಅದು ಹೊರಗಿನವರಿಗೆ. ಒಳಗೆ ಹೋಗಿ ನಿಂತರೇನೇ ಸೀಟು" ಎಂದು ನನ್ನನ್ನೂ ಎಳೆದುಕೊಂಡು ನುಗ್ಗುತ್ತಾರೆ. ಬೇರೆ ಹೋಟೆಲಿನಲ್ಲಿ ಹೇಗೋ, ಹಳೆಯ ಕಾಲದ ಈ ಜಾಗಗಳಲ್ಲಿ ಒಂದೇ ಮೇಜಿಗೆ ಮೂರು ಮನೆಯವರು ಕೂರುವುದು, ತಿನ್ನುತ್ತಿರುವವರ ಬೆನ್ನಿಗೆ ಮುಂದಿನವರು ನಿಲ್ಲುವುದು ಪದ್ಧತಿ. ನಿಂತವರೂ ನಾಚುವುದಿಲ್ಲ, ಕೂತವರೂ ಅಂಜುವುದಿಲ್ಲ. ಆದರೆ ಎಲ್ಲಿ ನಿಲ್ಲಬೇಕು ಎಂಬುದು ಒಂದು ವಿದ್ಯೆ. ಈ ವಿದ್ಯೆಯಲ್ಲಿ ಭಾವ ಪಂಡಿತರು, ಇಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ಹೊಸಬರು ಖಾಲಿ ತಟ್ಟೆ ಇರುವ ಮೇಜಿನ ಹಿಂದೆ ನಿಲ್ಲುತ್ತಾರೆ. ತಪ್ಪು. ಖಾಲಿ ತಟ್ಟೆಯೆಂದರೆ ಎರಡನೇ ದೋಸೆಗೆ ಹೇಳಿರುತ್ತಾರೆ. ಕಾಫಿ ಬಂದಿರುವ ಮೇಜು ಉತ್ತಮ, ಆದರೆ ಕಾಫಿಯನ್ನು ಯಾರು ಕುಡಿಯುತ್ತಿದ್ದಾರೆ ಎಂದು ನೋಡಬೇಕು. ಒಬ್ಬನೇ ಬಂದು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತೆತ್ತಿ ಹುಯ್ಯುವವನು ಬೇಗ ಏಳುತ್ತಾನೆ, ಆರಿಸಿಕೊಳ್ಳುವ ಅವಸರವೇ ಅದಕ್ಕೆ ಗುರುತು. ನಾಲ್ಕು ಜನ ಹಳೆಯ ಸ್ನೇಹಿತರು ಲೋಟ ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದರೆ ಆ ಕಡೆ ತಿರುಗಿಯೂ ನೋಡಬಾರದು. ಅವರು ಒಂದೇ ಕಾಲೇಜಿನವರು, ರಾಜಕೀಯ ಇನ್ನೂ ಶುರುವಾಗಿಲ್ಲ. ಮಕ್ಕಳಿರುವ ಮೇಜು ಅಪಾಯ. ಮಗು ದೋಸೆಯ ಅಂಚು ಮಾತ್ರ ತಿನ್ನುತ್ತದೆ, ಉಳಿದದ್ದನ್ನು ಅಮ್ಮ ತಿನ್ನಬೇಕು, ಅಷ್ಟರಲ್ಲಿ ಮಗು ವಡೆ ಬೇಕೆನ್ನುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮೇಜೆಂದರೆ ಆಗಷ್ಟೇ ಜಗಳವಾಡಿರುವ ಗಂಡ ಹೆಂಡಿರದು. ಇಬ್ಬರೂ ಮಾತಿಲ್ಲದೆ ಸರಸರನೆ ತಿಂದು ಏಳುತ್ತಾರೆ. ಭಾವ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ ಇಂಥವರನ್ನು ಪತ್ತೆ ಹಚ್ಚುತ್ತಾರೆ. ತಮ್ಮ ಮನೆಯಲ್ಲಿ ಅಕ್ಕ ಮುನಿಸಿಕೊಂಡಿದ್ದು ಅವರಿಗೆ ಮೂರು ದಿನವಾದರೂ ಗೊತ್ತಾಗುವುದಿಲ್ಲ.

ಮೇಜು ಆಯ್ದುಕೊಂಡ ಮೇಲೆ ನಿಲ್ಲುವ ಭಂಗಿ. ತೀರ ಮುಂದೆ ಬಂದರೆ ಕೂತವರು ಹಟಕ್ಕೆ ಬಿದ್ದು ಇನ್ನೊಂದು ಕಾಫಿ ಹೇಳುತ್ತಾರೆ. ದೂರ ನಿಂತರೆ ನಡುವೆ ಇನ್ನೊಬ್ಬ ನುಸುಳುತ್ತಾನೆ. ಭಾವ ಕುರ್ಚಿಯ ಬೆನ್ನಿಗೆ ಒಂದು ಬೆರಳು ಮಾತ್ರ ತಾಗಿಸಿ, ಗೋಡೆಯ ಮೇಲಿನ ಬೆಲೆಪಟ್ಟಿಯನ್ನು ಓದುತ್ತ ನಿಲ್ಲುತ್ತಾರೆ. ಎಲ್ಲ ಬಾಯಿಪಾಠವಿರುವ ಪಟ್ಟಿ. ಒಬ್ಬರು ಎದ್ದರೋ ಇಲ್ಲವೋ ಕರ್ಚೀಪು ಕುರ್ಚಿಗೆ ಬಿದ್ದಿರುತ್ತದೆ, ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ಲು ಎಸೆದು ಬೆಳೆದ ತಲೆಮಾರು ಅದು. ನನ್ನ ಕೆಲಸ ಪಕ್ಕದ ಸಾಲಿನಲ್ಲಿ ಇದನ್ನೇ ಮಾಡುವುದು. ಮಗಳು ಮಾತ್ರ, "ಅಪ್ಪಾ, ಅವರು ತಿಂತಿದ್ದಾರೆ, ಪಾಪ. ನನಗೆ ನಾಚಿಕೆ ಆಗತ್ತೆ" ಎಂದು ಬಾಗಿಲಲ್ಲೇ ನಿಲ್ಲುತ್ತಾಳೆ. "ನಾಚಿಕೆ ಆಗೋರು ಪಾರ್ಸೆಲ್ ತಗೋಬೇಕಮ್ಮ" ಎನ್ನುತ್ತಾರೆ ಭಾವ.

ಅಂತೂ ಆ ದಿನ ಎರಡು ಮೇಜಿನಲ್ಲಿ ಹಂಚಿಕೊಂಡು ಆರೂ ಜನ ಕೂತೆವು. ಸಪ್ಲೈಯರ್ ಬಂದ. ಒಂದು ಕೈಯ ಮೇಲೆ ಅಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳನ್ನು ಹೇರಿಕೊಂಡು ಬರುವ ಅವರ ಸೊಗಸನ್ನು ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಹೋಟೆಲಿನವರೆಂದರೆ ಕುಂದಾಪುರದ ಕಡೆಯವರೇ ಎಂದು ಭಾವನ ಲೆಕ್ಕ. ಸಾಲಿಗ್ರಾಮ, ಕೋಟ, ಬ್ರಹ್ಮಾವರದ ಹೆಸರು ಗೊತ್ತು, ಹೋದವರಲ್ಲ. ಆದರೂ ಸಪ್ಲೈಯರ್ ಕಂಡರೆ ಅವರ ನಾಲಗೆ ತಾನಾಗಿ ಪಶ್ಚಿಮಕ್ಕೆ ತಿರುಗುತ್ತದೆ. "ಎಂತ ಮಾರಾಯ್ರೆ, ಊರಲ್ಲಿ ಮಳೆ ಹ್ಯಾಂಗುಂಟು?" ಎಂದರು. ಅವನು ತಟ್ಟೆ ಇಡುತ್ತಲೇ, "ನಮ್ಮೂರು ಚನ್ನರಾಯಪಟ್ಟಣ ಸಾರ್, ಈ ಸಲ ಮಳೆ ಇಲ್ಲ. ಏನ್ ಕೊಡಲಿ?" ಎಂದ.

ಮೆನು ನೋಡುವುದು ಭಾವನ ಮನೆತನದಲ್ಲಿ ನಿಷಿದ್ಧ. ಎಲ್ಲರ ಪರವಾಗಿ ಅವರೇ ಹೇಳುತ್ತಾರೆ. ಅದೂ ಹೇಳುವುದಲ್ಲ, ಷರತ್ತು ವಿಧಿಸುವುದು: "ಮಸಾಲೆ ಐದು. ಕೆಂಪಗೆ, ಗರಿಗರಿಯಾಗಿ. ಆದರೆ ಒಳಗೆ ಮೆತ್ತಗಿರಬೇಕು. ಬೆಣ್ಣೆ ಮೇಲೆ ಇಡೋದಲ್ಲ, ಕಾವಲಿ ಮೇಲೆ ಇರುವಾಗಲೇ ಹಾಕಬೇಕು. ಪಲ್ಯ ಮಧ್ಯದಲ್ಲಿ ಬೇಡ, ಒಂದು ಬದಿಗೆ. ಭಟ್ಟರಿಗೆ ನನ್ನ ಹೆಸರು ಹೇಳು." ಸಪ್ಲೈಯರ್ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಒಳಗೆ ತಿರುಗಿ, "ಐದು ಮಸಾಲೇಯ್!" ಎಂದು ಕೂಗಿದ. ಅಲ್ಲಿಗೆ ಭಾವನ ಷರತ್ತುಗಳೆಲ್ಲ ಗಾಳಿಗೆ ಹೋದವು. ಅವರು ಮಾತ್ರ ತೃಪ್ತಿಯಿಂದ, "ನೋಡಿದ್ಯಾ, ಹೇಗೆ ಹೇಳ್ದ" ಎಂದರು.

ಆರನೆಯದು ಅಜ್ಜಿಯದು. ಹೊರಗಿನ ತಿಂಡಿ ಮೈಲಿಗೆ, ಆದರೆ ಮಗ ಇಷ್ಟು ಪ್ರೀತಿಯಿಂದ ಕರೆದುಕೊಂಡು ಬಂದಿದ್ದಾನೆ ಎಂಬ ಎರಡು ಧರ್ಮಗಳ ನಡುವೆ ಅಜ್ಜಿ ಪ್ರತಿವಾರ ಒಂದು ಇಡ್ಲಿಗೆ ಒಪ್ಪಿಕೊಳ್ಳುತ್ತಾರೆ. ಇಡ್ಲಿ ಮುಗಿದ ಮೇಲೆ ಮೊಮ್ಮಗನ ತಟ್ಟೆಯಿಂದ "ರುಚಿಗೆ ಒಂಚೂರು" ಮಸಾಲೆ ದೋಸೆ. ಒಂಚೂರು ಅರ್ಧವಾಗಿ, ಪಲ್ಯವೂ ಮುಗಿಯುತ್ತ ಬಂದಾಗ, ಬಾಯಿ ಒರೆಸಿಕೊಂಡು, "ಇದಕ್ಕೇನಾದ್ರೂ ಈರುಳ್ಳಿ ಹಾಕಿದಾರೇನೋ ಮಗೂ?" ಎಂದು ಕೇಳುತ್ತಾರೆ. ಮೊಮ್ಮಗ ಅಜ್ಜಿಯ ಮುಖವನ್ನೇ ನೋಡಿಕೊಂಡು, "ಇಲ್ಲ ಅಜ್ಜಿ, ಅದು ಎಲೆಕೋಸು" ಎನ್ನುತ್ತಾನೆ. ಅಜ್ಜಿ ಸಮಾಧಾನದಿಂದ ಉಳಿದದ್ದನ್ನೂ ಮುಗಿಸುತ್ತಾರೆ. ಆ ಮನೆಯಲ್ಲಿ ಒಬ್ಬರನ್ನೊಬ್ಬರು ನಿಜವಾಗಿ ಅರ್ಥ ಮಾಡಿಕೊಂಡಿರುವವರು ಇವರಿಬ್ಬರೇ.

ಮಗಳು ದೋಸೆಯ ಚಿತ್ರ ತೆಗೆಯಲು ಫೋನು ಎತ್ತಿದಳು. "ಆರಿಹೋಗತ್ತೆ! ತಿನ್ನು ಮೊದಲು!" ಎಂದು ಭಾವ ಗದರಿದರು. ವಾರಕ್ಕೊಮ್ಮೆ ಸಿಗುವ ಗದರುವ ಹಕ್ಕು, ಬಿಡುತ್ತಾರೆಯೇ? ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನಾವೆಲ್ಲ ಕೈ ನಿಲ್ಲಿಸಿದೆವು. ತೀರ್ಪು ಬರುವವರೆಗೆ ಯಾರೂ ಚೆನ್ನಾಗಿದೆ ಎನ್ನುವಂತಿಲ್ಲ. ಕಣ್ಣು ತೆರೆದು, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ, "ಹ್ಞೂಂ. ಮೊದಲಿನ ಹಾಗಿಲ್ಲ" ಎಂದರು.

ಈ ಮೊದಲು ಯಾವ ಮೊದಲು ಎಂದು ಒಮ್ಮೆ ಹುಡುಗ ಪಟ್ಟುಹಿಡಿದು ಕೇಳಿದ. "ಎಂಬತ್ತರ ದಶಕದಲ್ಲಿ ತಿನ್ನಬೇಕಿತ್ತು ನೀನು" ಎಂದರು ಭಾವ. ಅಜ್ಜಿ ಇಡ್ಲಿ ಮುರಿಯುತ್ತ, "ಆಗ ನಿಮ್ಮ ತಾತ ನಿಮ್ಮಪ್ಪನ ಪಕ್ಕದಲ್ಲೇ ಕೂತು, ಮೊದಲಿನ ಹಾಗಿಲ್ಲ ಅಂತಿದ್ರು ಕಣೋ" ಎಂದು ಮೊಮ್ಮಗನಿಗೆ ಹೇಳುವಂತೆ ಮಗನಿಗೆ ಹೇಳಿದರು. ನನ್ನನ್ನು ಕೇಳಿದರೆ ದೋಸೆ ಚೆನ್ನಾಗಿಯೇ ಇತ್ತು. ಹಳೆಯ ಹೋಟೆಲುಗಳಲ್ಲಿ ಕೆಲವು ಕೆಟ್ಟಿರಬಹುದು, ಕೆಲವು ಹೆಸರಿನ ಮೇಲೇ ನಡೆಯುತ್ತಿರಬಹುದು. ಆದರೆ ಭಾವ ಹುಡುಕುತ್ತಿರುವ ರುಚಿ ಯಾವ ಕಾವಲಿಯ ಮೇಲೂ ಸಿಗುವುದಿಲ್ಲ. ಅದು ಅಪ್ಪ ಬಿಲ್ಲು ಕೊಡುತ್ತಿದ್ದ ಕಾಲದ್ದು.

ಅಕ್ಕ ಇಷ್ಟೂ ಹೊತ್ತು ಮಾತೇ ಆಡಿರಲಿಲ್ಲ. ಅವಳು ತಿನ್ನುತ್ತಿದ್ದಳು. ಮನೆಯಲ್ಲಿ ದೋಸೆ ಮಾಡಿದ ದಿನ ಅವಳು ಒಲೆಯ ಮುಂದೆ ನಿಂತಿರುತ್ತಾಳೆ. ಒಬ್ಬೊಬ್ಬರಿಗೂ ಕಾವಲಿಯಿಂದ ತಟ್ಟೆಗೆ ಬಿಸಿಬಿಸಿ. ತನ್ನದು ಕೊನೆಗೆ, ಹಿಟ್ಟಿನ ಪಾತ್ರೆ ತೊಳೆದು ಹುಯ್ದ ನೀರುದೋಸೆ, ಅದೂ ಫೋನಿಗೋ ಹಾಲಿನವನಿಗೋ ಉತ್ತರ ಕೊಡುತ್ತ, ಆರಿದ ಮೇಲೆ. ಗರಿಗರಿ ದೋಸೆ ಹುಯ್ಯುವ ಕೈಗೆ ಗರಿಗರಿ ದೋಸೆ ಸಿಗುವುದಿಲ್ಲ. ಭಾನುವಾರ ಮಾತ್ರ ಬೇರೆ ಯಾರೋ ಹುಯ್ದದ್ದು, ಬಿಸಿಯಾಗಿ, ಅವಳ ಮುಂದೆ ಬಂದು ಬೀಳುತ್ತದೆ. ಅಂಚಿನಿಂದ ಶುರುಮಾಡಿ, ಕೆಂಪು ಚಟ್ನಿ ಸವರಿದ ಜಾಗವನ್ನು ಕೊನೆಗೆ ಇಟ್ಟುಕೊಂಡು, ಒಂದು ಚೂರೂ ಯಾರಿಗೂ ಕೊಡದೆ ತಿನ್ನುತ್ತಾಳೆ. ಅಜ್ಜಿ ಕೂಡ ಅವಳ ತಟ್ಟೆಗೆ ಕೈ ಹಾಕುವುದಿಲ್ಲ. ಭಾವನ ಭಾಷಣವನ್ನು ಅವಳು ಯಾಕೆ ಸಹಿಸುತ್ತಾಳೆ, ಐದಕ್ಕೆ ಯಾಕೆ ಏಳುತ್ತಾಳೆ ಎಂದು ನಾನು ಕೇಳಿದ್ದೆ. "ಅವರು ಏನ್ ಬೇಕಾದ್ರೂ ಹೇಳ್ಕೊಳ್ಳಲಿ ಬಿಡೋ. ಪಾತ್ರೆ ಅಂತೂ ನಾನು ತೊಳೆಯೋ ಹಾಗಿಲ್ಲವಲ್ಲ" ಎಂದಳು.

ಅಷ್ಟು ಹೊತ್ತಿಗೆ ನಮ್ಮ ಬೆನ್ನಿಗೂ ಜನ ಬಂದು ನಿಂತಿದ್ದರು. ಒಬ್ಬರು ಭಾವನ ಕುರ್ಚಿಗೆ ಒಂದೇ ಒಂದು ಬೆರಳು ತಾಗಿಸಿಕೊಂಡು ಗೋಡೆಯ ಬೆಲೆಪಟ್ಟಿ ಓದುತ್ತಿದ್ದರು. ವಯಸ್ಸು, ಹೊಟ್ಟೆ, ಕರ್ಚೀಪು ಎಲ್ಲ ಭಾವನವೇ. ನೋಡಿದರೆ ಯಾರಿಗಾದರೂ ಪ್ರೀತಿ ಬರಬೇಕು. ಭಾವನಿಗೆ ಬಂದದ್ದು ಸಿಟ್ಟು. "ಎಂಥಾ ಜನ ನೋಡಪ್ಪ, ತಲೆಮೇಲೆ ಬಂದು ನಿಲ್ತಾರೆ. ನೆಮ್ಮದಿಯಾಗಿ ತಿನ್ನೋಕೂ ಬಿಡಲ್ಲ" ಎಂದು ಅವರಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿ, ಕಾಲು ಚಾಚಿ, ಬೆನ್ನು ಒರಗಿಸಿ, "ಕಾಫಿ!" ಎಂದು ಕೂಗಿದರು. "ಟು ಬೈ ತ್ರೀ ಎರಡು!" ಆರು ಜನಕ್ಕೆ ನಾಲ್ಕು ಕಾಫಿ, ಬೆಂಗಳೂರಿನವರಿಗೆ ಈ ಭಿನ್ನರಾಶಿ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ದೋಸೆಗೆ ಧಾರಾಳವಾಗಿ ಖರ್ಚು ಮಾಡುವ ಮನುಷ್ಯನಿಗೆ ಒಬ್ಬರೇ ಒಂದು ಪೂರ್ತಿ ಕಾಫಿ ಕುಡಿಯುವುದು ದುಂದು ಎನಿಸುವುದು ಹೇಗೋ ಕಾಣೆ. ಕಾಫಿ ಬಂತು. ಭಾವ ಅದನ್ನು ಮುಂದಿಟ್ಟುಕೊಂಡು ಮುಟ್ಟದೆ ಕೂತರು. ಹಿಂದೆ ನಿಂತವರ ಬೆರಳು ಕುರ್ಚಿಯಿಂದ ಸರಿದು ಮುಂದಿನ ಮೇಜಿಗೆ ಹೋಯಿತು. ಅವರಿಗೂ ವಿದ್ಯೆ ಗೊತ್ತಿತ್ತು.

ಬಿಲ್ಲಿನ ಹೊತ್ತಿಗೆ ಒಂದು ಸಣ್ಣ ಕುಸ್ತಿ. ನಾನು ಕೊಡುತ್ತೇನೆ ಎನ್ನಬೇಕು, ಭಾವ ನನ್ನ ಕೈ ಹಿಡಿದು ತಿರುಚಬೇಕು, ಗಲ್ಲಾದಲ್ಲಿ ಕೂತವರು ಬೇಸರದಿಂದ ನೋಡಬೇಕು. ಕೊನೆಗೆ ಭಾವನೇ ಕೊಡುತ್ತಾರೆ. ಮೊದಲು ನೋಟು ಎಣಿಸಿ ಕೊಡುವಾಗ ಮೊತ್ತ ಅವರಿಬ್ಬರ ನಡುವಿನ ಗುಟ್ಟಾಗಿತ್ತು. ಈಗ ಫೋನಿನಲ್ಲಿ ಕೊಟ್ಟರೆ ಗಲ್ಲಾದ ಪಕ್ಕದ ಪೆಟ್ಟಿಗೆ ಅಚ್ಚಗನ್ನಡದಲ್ಲಿ ಇಡೀ ಹೋಟೆಲಿಗೆ ಕೇಳುವಂತೆ ಎಷ್ಟು ರೂಪಾಯಿ ಬಂತೆಂದು ಸಾರುತ್ತದೆ. ಅಜ್ಜಿಗೂ ಕೇಳಿಸುತ್ತದೆ. "ಎಷ್ಟಂದ? ಅಷ್ಟಕ್ಕೆ ಮನೇಲಿ ತಿಂಗಳಿಗಾಗೋಷ್ಟು ಉದ್ದಿನಬೇಳೆ ಬರ್ತಿತ್ತಲ್ಲೋ!" ಎಂದು ಅವರು ಬಾಗಿಲು ದಾಟುವವರೆಗೂ ಹೇಳುತ್ತಾರೆ. ಭಾವ ಶೇಕಡಾ 5ರ ಜಿಎಸ್‌ಟಿಯನ್ನು ಅಲ್ಲಿಂದ ಕಾರಿನವರೆಗೆ ಬಯ್ಯುತ್ತಾರೆ, ಕಾರಿನಿಂದ ಮನೆಯವರೆಗೆ 2025ರ ಏಪ್ರಿಲಿನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿದ ನಂದಿನಿ ಹಾಲನ್ನು. ಗಾಂಧಿ ಬಜಾರಿನಲ್ಲಿ ಇಳಿದು ಹೂವು, ವೀಳ್ಯದೆಲೆ, ಅವರೇಕಾಯಿ ಕಾಲವಾದರೆ ಸೊಗಡಿನ ಅವರೆ. ಅಕ್ಕ ಚೌಕಾಶಿ ಮಾಡುವಾಗ ಭಾವ ಆಗಲೇ ದೂರ ನಿಂತು ಚೀಲ ಹಿಡಿದಿರುತ್ತಾರೆ. ಒಂಬತ್ತೂವರೆಗೆ ಮನೆ ಸೇರಿದಾಗ ರಿಮೋಟು ಮಗನ ಕೈಗೆ ಹೋಗಿರುತ್ತದೆ. ದಂಡಯಾತ್ರೆ ಮುಗಿಯಿತು, ದೊರೆತನವೂ ಮುಗಿಯಿತು. ಮುಂದಿನ ವಾರ ಮಲ್ಲೇಶ್ವರವಂತೆ. ಮೆಟ್ರೋದಲ್ಲಿ ಬನಶಂಕರಿಯಿಂದ ಸಂಪಿಗೆ ರಸ್ತೆಗೆ, ಅಲ್ಲಿಂದ ಏಳನೇ ಕ್ರಾಸಿನ ಸಿಟಿಆರ್‌ಗೆ ಬೆಣ್ಣೆ ಮಸಾಲೆಗೆ. ವೀಣಾ ಸ್ಟೋರ್ಸಿನ ಇಡ್ಲಿಯೂ ಆಗಬೇಕು, ಆದರೆ ನಿಂತು ತಿನ್ನಬೇಕಲ್ಲ ಎಂದು ಯೋಚನೆಯಲ್ಲಿದ್ದಾರೆ.

ಆದ್ದರಿಂದ ಮಲ್ಲೇಶ್ವರದ ಕಡೆಯವರಲ್ಲಿ ಒಂದು ಬಿನ್ನಹ. ಬರುವ ಭಾನುವಾರ ಬೆಳಿಗ್ಗೆ ನೀವು ತಿನ್ನುತ್ತಿರುವಾಗ ನಿಮ್ಮ ಕುರ್ಚಿಗೆ ಒಂದು ಬೆರಳು ತಾಗಿಸಿಕೊಂಡು ಯಾರಾದರೂ ಬೆಲೆಪಟ್ಟಿ ಓದುತ್ತಿದ್ದರೆ ಸಿಟ್ಟಾಗಬೇಡಿ, ಎರಡನೇ ಕಾಫಿಗೆ ಹೇಳಲೂ ಬೇಡಿ. ಅವರ ಹಿಂದೆ ಒಬ್ಬ ಹೆಂಗಸು ಇರುತ್ತಾಳೆ, ಐದು ಗಂಟೆಗೆ ಎದ್ದವಳು. ಅವಳಿಗೋಸ್ಕರ ಬೇಗ ಏಳಿ.